ಕತ್ತರಿ ಬಿದ್ದಲ್ಲಿ ಕುಂಚ

ಜೂಲ್ಸ್ ವರ್ನ್‌ನ ‘ಎಂಬತ್ತು ದಿನಗಳಲ್ಲಿ ಭೂಪ್ರದಕ್ಷಿಣೆ’ಯ ಮಕ್ಕಳ ಆವೃತ್ತಿಯನ್ನು ಯಾವ ಪುಸ್ತಕದಂಗಡಿಯಲ್ಲಿ ಕೈಗೆತ್ತಿಕೊಂಡರೂ ಮುಖಪುಟದಲ್ಲಿ ಬಣ್ಣದ ಬಲೂನೊಂದು ತೇಲುತ್ತಿದ್ದರೆ ಆಶ್ಚರ್ಯವಿಲ್ಲ. ಬುಟ್ಟಿಯಲ್ಲಿ ಎತ್ತರದ ಟೋಪಿಯ ಫಿಲಿಯಾಸ್ ಫಾಗ್, ಪಕ್ಕದಲ್ಲಿ ಬೆರಗುಗಣ್ಣಿನ ಸೇವಕ ಪಾಸ್‌ಪಾರ್ತು. ಓದಿ ಮುಗಿಸಿದ ಹುಡುಗಿ ‘ಬಲೂನು ಎಲ್ಲಿ ಬಂತು?’ ಅಂತ ಪುಟ ಹಿಂದೆಮುಂದೆ ತಿರುವಿದರೆ ಸಿಗುವುದಿಲ್ಲ. 1873ರಲ್ಲಿ ಪುಸ್ತಕವಾಗಿ ಬಂದ ಆ ಕಾದಂಬರಿಯಲ್ಲಿ ಫಾಗ್ ರೈಲು ಹತ್ತುತ್ತಾನೆ, ಹಡಗು ಹತ್ತುತ್ತಾನೆ, ನಮ್ಮ ದೇಶದಲ್ಲಿ ಆನೆಯನ್ನೂ ಹತ್ತುತ್ತಾನೆ, ಅಮೆರಿಕದಲ್ಲಿ ಹಾಯಿ ಕಟ್ಟಿದ ಜಾರುಬಂಡಿಯಲ್ಲಿ ಹಿಮದ ಮೇಲೆ ಸಾಗುತ್ತಾನೆ. ಬಲೂನು ಮಾತ್ರ ಹತ್ತುವುದಿಲ್ಲ. ಅದು 1956ರ ಹಾಲಿವುಡ್ ಸಿನಿಮಾದಲ್ಲಿ ಬಂದು ಸೇರಿಕೊಂಡದ್ದು. ಸಿನಿಮಾದಿಂದ ಮುಖಪುಟಕ್ಕೆ ಇಳಿದದ್ದು ಮತ್ತೆ ಮೇಲೇಳಲೇ ಇಲ್ಲ.

ಫ್ರಾಂಕನ್‌ಸ್ಟೈನ್‌ನ ಸೃಷ್ಟಿಯ ಕಥೆಯೂ ಅಷ್ಟೇ. ಮೇರಿ ಶೆಲ್ಲಿ 1818ರಲ್ಲಿ ವರ್ಣಿಸಿದ್ದು ಹಳದಿ ಚರ್ಮದ, ಹೊಳೆಯುವ ಕಪ್ಪು ಕೂದಲಿನ ದೈತ್ಯನನ್ನು. ಮಕ್ಕಳ ಪುಸ್ತಕಗಳಲ್ಲಿ ಕಾಣುವವನು ಚಪ್ಪಟೆ ತಲೆಯವನು, ಕುತ್ತಿಗೆಗೆ ಬೋಲ್ಟು ಬಿಗಿಸಿಕೊಂಡವನು. ಅವನು 1931ರ ಸಿನಿಮಾದ ಮೇಕಪ್ ಕೋಣೆಯಲ್ಲಿ ಹುಟ್ಟಿದವನು. ಶೆರ್ಲಾಕ್ ಹೋಮ್ಸ್‌ನ ಎರಡು ತುದಿಯ ಟೋಪಿಯನ್ನು 1891ರಲ್ಲಿ ಅವನ ತಲೆಗಿಟ್ಟದ್ದು ಸಿಡ್ನಿ ಪ್ಯಾಜೆಟ್ ಎಂಬ ಚಿತ್ರಗಾರ. ಕಾನನ್ ಡಾಯ್ಲ್ ಬರೆದದ್ದು ತಲೆಗೆ ಬಿಗಿಯಾಗಿ ಕೂರುವ ಬಟ್ಟೆಯ ಟೋಪಿ ಎಂದಷ್ಟೇ. ಮೂಲ ಕೃತಿಗಳನ್ನು ಓದಿದವರು ಕೆಲವರು, ಚಿತ್ರ ನೋಡಿದವರು ಎಲ್ಲರೂ. ಹಾಗಾಗಿ ಲೇಖಕ ಬರೆದದ್ದಕ್ಕಿಂತ ಚಿತ್ರಗಾರ ಬರೆದದ್ದೇ ಜನರ ತಲೆಯಲ್ಲಿ ಕೂತುಬಿಡುತ್ತದೆ. ಮಕ್ಕಳಿಗೆಂದು ಇಳಿಸಿದ ಸಂಕ್ಷಿಪ್ತ ಆವೃತ್ತಿಗಳಲ್ಲಂತೂ ಚಿತ್ರಕ್ಕೆ ಇನ್ನೂ ದೊಡ್ಡ ಜವಾಬ್ದಾರಿ ಇದೆ. ಅದನ್ನು ಅರಿತು ಕೆಲಸ ಮಾಡಿದವರು ಕಡಿಮೆ.

ಹರ್ಮನ್ ಮೆಲ್ವಿಲ್‌ನ ‘ಮೋಬಿ ಡಿಕ್’ ತೆಗೆದುಕೊಳ್ಳಿ. ನೂರಮೂವತ್ತೈದು ಅಧ್ಯಾಯ, ಎರಡು ಲಕ್ಷಕ್ಕೂ ಮೀರಿದ ಪದಗಳು. ಅದನ್ನು ಏಳನೇ ಕ್ಲಾಸಿನ ಮಗು ಒಂದು ರಜೆಯಲ್ಲಿ ಓದಿ ಮುಗಿಸುವಂತೆ ಮಾಡಬೇಕಾದರೆ ಹತ್ತರಲ್ಲಿ ಒಂಬತ್ತು ಪಾಲು ಹೋಗಬೇಕು. ಹೋಗುವುದು ಯಾವುದು? ತಿಮಿಂಗಿಲದ ಜಾತಿ, ಎಣ್ಣೆ ಕಾಯಿಸುವ ಒಲೆ, ಹಗ್ಗದ ಹುರಿ, ಬಿಳಿ ಬಣ್ಣದ ಭಯ. ಘಟನೆ ಉಳಿಯುತ್ತದೆ, ವರ್ಣನೆ ಹೋಗುತ್ತದೆ. ಸಂಕ್ಷೇಪ ಮಾಡುವವರು ಯಾರೇ ಆಗಲಿ, ಯಾವ ಭಾಷೆಯವರೇ ಆಗಲಿ, ಕತ್ತರಿ ಮೊದಲು ಓಡುವುದು ಹವೆ, ಬೀದಿ, ಬಟ್ಟೆಬರೆ, ಮನೆಯ ಒಳಾಂಗಣ, ಎರಡು ಊರುಗಳ ನಡುವಿನ ದೂರ, ಯಾರೂ ಮಾತಾಡದ ಗಳಿಗೆ ಇವುಗಳ ಮೇಲೆ. ಉಳಿದದ್ದು ‘ಅವನು ಹೋದ, ಇವನು ಬಂದ, ಹೊಡೆದಾಡಿದರು’. ಕಾದಂಬರಿ ಹೋಗಿ ಅದರ ಪಂಚನಾಮೆ ಉಳಿದಂತೆ. ಕತ್ತರಿಸಿ ಚೆಲ್ಲಿದ್ದರಲ್ಲಿ ಒಂದಿಷ್ಟನ್ನಾದರೂ ಮಗುವಿನ ಮುಂದೆ ಮರಳಿ ಇಡಬಲ್ಲವನು ಚಿತ್ರಗಾರನೊಬ್ಬನೇ. ಮೂರು ಪುಟದ ಬಂದರಿನ ವರ್ಣನೆಯನ್ನು ಅವನು ಅರ್ಧ ಪುಟದ ಚಿತ್ರದಲ್ಲಿ ಕೊಡಬಹುದು.

ಆದರೆ ಬಹುಪಾಲು ಪುಸ್ತಕಗಳಲ್ಲಿ ನಡೆಯುವುದು ಬೇರೆ. ‘ಕ್ಯಾಪ್ಟನ್ ಕತ್ತಿ ಎತ್ತಿದ’ ಎಂದು ಎಡಪುಟದಲ್ಲಿ ಅಚ್ಚಾಗಿದ್ದರೆ ಬಲಪುಟದಲ್ಲಿ ಕ್ಯಾಪ್ಟನ್ ಕತ್ತಿ ಎತ್ತಿರುತ್ತಾನೆ. ಹಿನ್ನೆಲೆ ಖಾಲಿ. 1970ರ ದಶಕದ ಕೊನೆಯಲ್ಲಿ ಅಮೆರಿಕದಿಂದ ಬಂದು ನಮ್ಮ ಪುಸ್ತಕದಂಗಡಿಗಳಲ್ಲೂ ಮಾರಾಟವಾದ ‘ಮೋಬಿ ಬುಕ್ಸ್’ ಎಂಬ ಅಂಗೈಯಗಲದ ದಪ್ಪ ಪುಸ್ತಕಗಳನ್ನು ನೋಡಿದವರಿಗೆ ಈ ಪದ್ಧತಿ ಗೊತ್ತು: ಒಂದು ಪುಟ ಮಾತು, ಎದುರು ಪುಟ ಚಿತ್ರ, ಪುಸ್ತಕದ ಉದ್ದಕ್ಕೂ ಹೀಗೇ. ಓದಲು ಬೇಸರಪಡುವ ಮಕ್ಕಳನ್ನು ಕೊನೆಯ ಪುಟದವರೆಗೆ ಎಳೆದೊಯ್ಯುವ ಶಕ್ತಿ ಅವಕ್ಕಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಷ್ಟೊಂದು ಚಿತ್ರ ಬರೆಯುವವನಿಗೆ ಆಲೋಚಿಸಲು ಪುರುಸೊತ್ತು ಎಲ್ಲಿಂದ ಬರಬೇಕು?

ಬೇರೆ ದಾರಿ ಹೇಗಿರುತ್ತದೆ ಎನ್ನುವುದಕ್ಕೆ ಎನ್.ಸಿ. ವಯತ್ ಎಂಬ ಅಮೆರಿಕನ್ ಚಿತ್ರಗಾರ 1911ರಲ್ಲಿ ಸ್ಟೀವನ್ಸನ್‌ನ ‘ಟ್ರೆಷರ್ ಐಲೆಂಡ್’ಗೆ ಬರೆದ ತೈಲಚಿತ್ರಗಳನ್ನು ನೋಡಬೇಕು. ಅವುಗಳಲ್ಲಿ ಒಂದು, ಬಾಲಕ ಜಿಮ್ ಮನೆ ಬಿಟ್ಟು ಹೊರಡುವ ಚಿತ್ರ. ಕಾದಂಬರಿಯಲ್ಲಿ ಈ ವಿದಾಯಕ್ಕೆ ಸಿಕ್ಕಿರುವುದು ಒಂದೇ ವಾಕ್ಯ. ತಾಯಿಗೆ, ಹುಟ್ಟಿ ಬೆಳೆದ ಊರಿಗೆ ಹೋಗಿಬರುತ್ತೇನೆ ಎಂದು ಹೇಳಿ ಹುಡುಗ ನಡೆದುಬಿಡುತ್ತಾನೆ; ಸ್ಟೀವನ್ಸನ್‌ಗೆ ಹಡಗು ಹತ್ತಿಸುವ ಅವಸರ. ವಯತ್ ಅಲ್ಲಿ ನಿಂತ. ಸುಮಾರು ನಾಲ್ಕಡಿ ಎತ್ತರದ ಕ್ಯಾನ್ವಾಸ್. ಮುಂದೆ ಗಂಟು ಹಿಡಿದು ನಮ್ಮ ಕಡೆಗೇ ನಡೆದು ಬರುತ್ತಿರುವ ಜಿಮ್, ಮುಖ ಬಿಗಿದಿದೆ. ಹಿಂದೆ ಬಿಸಿಲು ಬಿದ್ದ ಗೋಡೆ, ಬಾಗಿಲ ಬಳಿ ತಾಯಿ ಮುಖವನ್ನು ಬಟ್ಟೆಯಲ್ಲಿ ಮುಚ್ಚಿಕೊಂಡು ಅಳುತ್ತಿದ್ದಾಳೆ. ಅವಳ ಅಳುವನ್ನು ಲೇಖಕ ಅಲ್ಲಿ ಬರೆದಿಲ್ಲ. ಹುಡುಗ ತಿರುಗಿ ನೋಡುತ್ತಿಲ್ಲವಾದ್ದರಿಂದ ಅವನಿಗೂ ಅದು ಕಾಣುತ್ತಿಲ್ಲ. ಕಾಣುತ್ತಿರುವುದು ಓದುಗನಿಗೆ ಮಾತ್ರ. ಕಥೆಯನ್ನು ಜಿಮ್‌ನೇ ಹೇಳುತ್ತಿರುವುದರಿಂದ, ಅವನಿಗೆ ಗೊತ್ತಿಲ್ಲದ್ದನ್ನು ತೋರಿಸುವ ಅವಕಾಶ ಇದ್ದದ್ದು ಚಿತ್ರಕ್ಕೆ ಮಾತ್ರ. ಆ ಪುಸ್ತಕದಿಂದ ಬಂದ ಹಣದಲ್ಲಿ ವಯತ್ ಚಾಡ್ಸ್ ಫೋರ್ಡ್ ಎಂಬಲ್ಲಿ ಜಮೀನು ಕೊಂಡು ಮನೆ, ಸ್ಟುಡಿಯೊ ಕಟ್ಟಿಕೊಂಡ. ಚಿತ್ರ ಬರೆದು ಮನೆ ಕಟ್ಟಿದವರ ಹೆಸರು ಕನ್ನಡದಲ್ಲಿ ಎಷ್ಟು ಸಿಗುತ್ತವೋ!

ಕಾದಂಬರಿಗಳನ್ನು ಇಳಿಸಿ ಓದಿಸುವ ಕೆಲಸ ಕನ್ನಡದಲ್ಲಿ ಶಿಸ್ತಿನಿಂದ ನಡೆದ ಊರು ಹುಬ್ಬಳ್ಳಿ. 1956ರ ಸೆಪ್ಟೆಂಬರ್‌ನಲ್ಲಿ ಲೋಕ ಶಿಕ್ಷಣ ಟ್ರಸ್ಟ್ ಇಲ್ಲಿಂದ ‘ಕಸ್ತೂರಿ’ ಮಾಸಪತ್ರಿಕೆ ಶುರುಮಾಡಿತು. ರೀಡರ್ಸ್ ಡೈಜೆಸ್ಟ್ ಮಾದರಿ, ಚೀಲದಲ್ಲಿ ಹಿಡಿಯುವ ಆಕಾರ. ಅದನ್ನು ಬೆಳೆಸಿದವರು ಪಾ.ವೆಂ. ಆಚಾರ್ಯ, ಉಡುಪಿ ಕಡೆಯಿಂದ ಬಂದು ಹುಬ್ಬಳ್ಳಿಯವರೇ ಆಗಿಹೋದವರು. ‘ಲಾಂಗೂಲಾಚಾರ್ಯ’ ಎಂಬ ಹೆಸರಲ್ಲಿ ಹರಟೆ ಬರೆದವರೂ ಅವರೇ. ಪ್ರತಿ ಸಂಚಿಕೆಯ ಕೊನೆಗೆ ‘ಪುಸ್ತಕ ವಿಭಾಗ’ ಎಂದಿರುತ್ತಿತ್ತು. ಜಗತ್ತಿನ ಯಾವುದೋ ಮೂಲೆಯ ಒಂದು ಇಡೀ ಪುಸ್ತಕ ಅಲ್ಲಿ ಕೆಲವು ಹತ್ತು ಪುಟಗಳಿಗೆ ಇಳಿದು ಕುಳಿತಿರುತ್ತಿತ್ತು. ದೊಡ್ಡವರಿಗೆಂದು ಬಂದ ಪತ್ರಿಕೆಯನ್ನು ಹೈಸ್ಕೂಲು ಹುಡುಗರು ಹಿಂದಿನಿಂದ ಓದಲು ಶುರುಮಾಡುತ್ತಿದ್ದುದು ಇದೇ ಕಾರಣಕ್ಕೆ. ಮೂಲ ಪುಸ್ತಕ ಕೊಳ್ಳಲು ದುಡ್ಡಿಲ್ಲದ, ಕೊಂಡರೂ ಇಂಗ್ಲಿಷಿನಲ್ಲಿ ಓದಲಾಗದ ಉತ್ತರ ಕರ್ನಾಟಕದ ಎಷ್ಟೋ ಮನೆಗಳಿಗೆ ಹೊರಗಿನ ಕಾದಂಬರಿ ಹೊಕ್ಕದ್ದು ಈ ಹಿತ್ತಲ ಬಾಗಿಲಿಂದ.

ಪುಸ್ತಕ ವಿಭಾಗದ ಬಲ ಅದರ ಗದ್ಯದಲ್ಲಿತ್ತು. ಅಂಥ ಡೈಜೆಸ್ಟಿನ ಪುಟಕ್ಕೆ ಚಿತ್ರ ಬೇಕೆಂದರೆ ಸುಮ್ಮನೆ ಆಗುವ ಕೆಲಸವಲ್ಲ, ಬ್ಲಾಕ್ ಮಾಡಿಸಬೇಕಿತ್ತು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಈ ‘ಬ್ಲಾಕ್’ ಬಗ್ಗೆ ತಿಳಿಯದೆ ಹಳೆಯ ಪುಸ್ತಕಗಳ ಚಿತ್ರಗಳು ಯಾಕೆ ಹಾಗಿದ್ದವು ಎಂದು ತಿಳಿಯುವುದಿಲ್ಲ. ಚಿತ್ರವನ್ನು ಫೋಟೊ ತೆಗೆದು, ಸತುವಿನ ತಗಡಿನ ಮೇಲೆ ಇಳಿಸಿ, ನೈಟ್ರಿಕ್ ಆಮ್ಲದಲ್ಲಿ ಅದ್ದುತ್ತಿದ್ದರು. ಗೆರೆ ಇದ್ದಲ್ಲಿ ಲೋಹ ಉಳಿಯುತ್ತಿತ್ತು, ಇಲ್ಲದಲ್ಲಿ ಆಮ್ಲ ತಿಂದುಹಾಕುತ್ತಿತ್ತು. ತಗಡನ್ನು ಮರದ ತುಂಡಿಗೆ ಮೊಳೆ ಹೊಡೆದು ಅಕ್ಷರಗಳ ಜೊತೆ ಫ್ರೇಮಿನಲ್ಲಿ ಬಿಗಿದರೆ ಲೈನ್ ಬ್ಲಾಕ್ ತಯಾರು. ಅದರಲ್ಲಿ ಕಪ್ಪು ಇದೆ, ಬಿಳಿ ಇದೆ, ನಡುವಿನ ಬೂದು ಬಣ್ಣ ಇಲ್ಲವೇ ಇಲ್ಲ. ಬೂದು ಬೇಕೆಂದರೆ ಚಿತ್ರವನ್ನು ಚುಕ್ಕಿಗಳಾಗಿ ಒಡೆಯುವ ಹಾಫ್‌ಟೋನ್ ಬ್ಲಾಕ್ ಬೇಕು. ಅದಕ್ಕೆ ಖರ್ಚು ಜಾಸ್ತಿ, ನುಣುಪಾದ ಕಾಗದ ಬೇಕು. ನ್ಯೂಸ್‌ಪ್ರಿಂಟಿನ ಒರಟು ಕಾಗದದ ಮೇಲೆ ಒತ್ತಿದರೆ ಮುಖಗಳೆಲ್ಲ ಮಸಿ ಬಳಿದಂತೆ ಕಾಣುತ್ತಿದ್ದವು.

ಹಾಗಾಗಿ ಚಿತ್ರಗಾರರು ನೆರಳನ್ನೂ ಗೆರೆಯಲ್ಲೇ ಹೇಳುವುದನ್ನು ಕಲಿತರು. ಸ್ಟೀಲಿನ ನಿಬ್ಬು, ಇಂಡಿಯನ್ ಇಂಕು, ತಪ್ಪಿದ್ದನ್ನು ಮುಚ್ಚಲು ಪೋಸ್ಟರ್ ವೈಟ್. ಗೋಡೆಯ ನೆರಳಿಗೆ ಒಂದು ದಿಕ್ಕಿನ ಗೀಟು, ಕತ್ತಲೆಗೆ ಗೀಟಿನ ಮೇಲೆ ಅಡ್ಡಗೀಟು. ಅಚ್ಚಾಗುವ ಅಳತೆಗಿಂತ ಒಂದೂವರೆ ಪಟ್ಟು, ಎರಡು ಪಟ್ಟು ದೊಡ್ಡದಾಗಿ ಬರೆದರೆ ಬ್ಲಾಕಿನಲ್ಲಿ ಕುಗ್ಗಿದಾಗ ಗೆರೆ ನಯವಾಗುತ್ತದೆ. ಹಾಗೆಂದು ಗೆರೆಗಳನ್ನು ತೀರಾ ಹತ್ತಿರ ಹತ್ತಿರ ಎಳೆದರೆ ನಡುವೆ ಮಸಿ ತುಂಬಿಕೊಂಡು ಇಡೀ ಮೂಲೆ ಕಪ್ಪು ಗಡ್ಡೆಯಾಗುತ್ತದೆ. ಹಳೆಯ ಪುಸ್ತಕಗಳ ಚಿತ್ರಗಳಲ್ಲಿ ಹಿನ್ನೆಲೆ ಅಷ್ಟು ಖಾಲಿ ಇದ್ದುದಕ್ಕೆ ಸೋಮಾರಿತನ ಒಂದೇ ಕಾರಣವಲ್ಲ, ಈ ಹೆದರಿಕೆಯೂ ಇತ್ತು. ಆಫ್‌ಸೆಟ್ ಬಂದು ದಶಕಗಳಾದವು. ಈಗ ಗಾಜಿನ ಹಲಗೆಯ ಮೇಲೆ ಎಲೆಕ್ಟ್ರಾನಿಕ್ ಪೆನ್ನಿನಿಂದ ಬರೆದದ್ದು ಹಾಗೆ ಹಾಗೇ ಅಚ್ಚಿಗೆ ಹೋಗುತ್ತದೆ. ಹೆದರಿಕೆಯ ಕಾರಣ ಹೋಗಿದೆ. ಖಾಲಿ ಹಿನ್ನೆಲೆಯ ಅಭ್ಯಾಸ ಹೋಗಿಲ್ಲ.

ಕಾಗದದ ಲೆಕ್ಕ ಇನ್ನೊಂದು. ಪುಸ್ತಕ ಅಚ್ಚಾಗುವುದು ಸಾಮಾನ್ಯವಾಗಿ ಹದಿನಾರು ಪುಟದ ಫಾರ್ಮ್‌ಗಳಲ್ಲಿ. ತೊಂಬತ್ತಾರು ಪುಟ ಎಂದರೆ ಆರು ಫಾರ್ಮ್. ಎರಡು ಪುಟ ಹೆಚ್ಚಾದರೂ ಪ್ರಕಾಶಕರ ಹುಬ್ಬು ಗಂಟಾಗುತ್ತದೆ. ಕನ್ನಡಕ್ಕೆ ಒತ್ತಕ್ಷರ, ಗುಣಿತದ ಕೊಂಬುಗಳಿಗಾಗಿ ಸಾಲುಗಳ ನಡುವೆ ಜಾಗ ಬಿಡಲೇಬೇಕು, ಹಾಗಾಗಿ ಇಂಗ್ಲಿಷಿನ ತೊಂಬತ್ತು ಪುಟ ಕನ್ನಡದಲ್ಲಿ ತೊಂಬತ್ತರಲ್ಲಿ ಮುಗಿಯುವುದಿಲ್ಲ. ಹೊರಗಿನ ಚಿತ್ರಗಳನ್ನು ಹಕ್ಕು ಪಡೆದು ಹಾಗೇ ಬಳಸಿಕೊಂಡಾಗ ಮಾತು ಹಿಂದೆ ಬಿದ್ದು ಚಿತ್ರ ಒಂದು ಪುಟ ಮುಂದೆ ಓಡುತ್ತದೆ. ಜಿಮ್ ಸೇಬಿನ ಪೀಪಾಯಿಯಲ್ಲಿ ಅಡಗಿ ಕೂತು ಕಡಲ್ಗಳ್ಳ ಜಾನ್ ಸಿಲ್ವರ್‌ನ ಸಂಚು ಕೇಳಿಸಿಕೊಳ್ಳುವುದು ‘ಟ್ರೆಷರ್ ಐಲೆಂಡ್’ನ ಎದೆಬಡಿತ ನಿಲ್ಲಿಸುವ ಗಳಿಗೆ. ಅದರ ಚಿತ್ರ ಎರಡು ಪುಟ ಮೊದಲೇ ಕಂಡುಬಿಟ್ಟರೆ ಆಯಿತು, ಗುಟ್ಟು ರಟ್ಟು.

ಗುಟ್ಟು ಕಾಯುವುದು ಚಿತ್ರಗಾರನ ಕೆಲಸದಲ್ಲಿ ಅತ್ಯಂತ ನಾಜೂಕಾದದ್ದು. ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ನ ಮೊದಲ ಅಧ್ಯಾಯದಲ್ಲೇ ಸ್ಮಶಾನದಲ್ಲಿ ಬಾಲಕ ಪಿಪ್‌ನನ್ನು ಹಿಡಿಯುವ ಕೈದಿ ಮೂವತ್ತೊಂಬತ್ತನೇ ಅಧ್ಯಾಯದಲ್ಲಿ ಮಳೆಗಾಳಿಯ ರಾತ್ರಿ ಮೆಟ್ಟಿಲು ಹತ್ತಿ ಬರುತ್ತಾನೆ. ನಡುವೆ ವರ್ಷಗಳು ಕಳೆದಿವೆ. ಮುಖ ಹಾಗೇ ಬರೆದರೆ ಮಗು ಮೊದಲ ನೋಟಕ್ಕೇ ಗುರುತಿಸಿ ಪಿಪ್‌ಗಿಂತ ಮುಂಚೆ ಉತ್ತರ ಕಂಡುಕೊಳ್ಳುತ್ತದೆ. ಪೂರ್ತಿ ಬದಲಿಸಿದರೆ ಗುಟ್ಟು ಬಿಚ್ಚಿದಾಗಲೂ ನಂಬುವುದಿಲ್ಲ. ಇಂಥಲ್ಲಿ ಬಲ್ಲವರು ದೀಪವನ್ನು ಕೆಳಗೆ ಹಿಡಿಸುತ್ತಾರೆ, ಮುಖದ ಬದಲು ಮೆಟ್ಟಿಲ ಮೇಲಿನ ಕೈಯನ್ನು ಬರೆಯುತ್ತಾರೆ.

ಕನ್ನಡದಲ್ಲಿ ಇಂಥ ಕೈಗಳು ತಯಾರಾದದ್ದು ವಾರಪತ್ರಿಕೆಗಳ ಧಾರಾವಾಹಿಗಳಲ್ಲಿ. ಜಿ.ಕೆ. ಸತ್ಯ, ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್ ಮೊದಲಾದವರ ಗೆರೆಗಳನ್ನು ನೋಡುತ್ತ ಎರಡು ತಲೆಮಾರು ಬೆಳೆದಿದೆ. ವಾರವಾರ ಬರುವ ಕಂತಿಗೆ ವಾರವಾರ ಚಿತ್ರ, ಮುಂದಿನ ಕಂತಿನಲ್ಲಿ ಏನಾಗುತ್ತದೆ ಎಂಬುದು ಎಷ್ಟೋ ಸಲ ಚಿತ್ರಗಾರನಿಗೂ ಗೊತ್ತಿರದ ಪರಿಸ್ಥಿತಿ. ನಾಯಕಿಯ ಮುಖವನ್ನು ಇಪ್ಪತ್ತು ವಾರ ಒಂದೇ ಥರ ಉಳಿಸಿಕೊಳ್ಳುವುದೇ ಒಂದು ಸಾಹಸ. ಅದಕ್ಕೂ ಮೊದಲಿನ ಪಾಠಶಾಲೆ ‘ಚಂದಮಾಮ’. ಕನ್ನಡ ಚಂದಮಾಮ ಶುರುವಾದದ್ದು 1949ರಲ್ಲಿ. ಅದರ ಮುಖಪುಟಗಳಿಗೆ ಮಹಾಭಾರತದ ದೃಶ್ಯಗಳನ್ನು ಬರೆದ ಎಂ.ಟಿ.ವಿ. ಆಚಾರ್ಯ ಕನ್ನಡಿಗರು. ಮದರಾಸು ಬಿಟ್ಟು ಬೆಂಗಳೂರಿಗೆ ಬಂದ ಮೇಲೆ ಅವರು ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಹಳ್ಳಿಯಲ್ಲಿದ್ದುಕೊಂಡೇ, ಲಕೋಟೆಯಲ್ಲಿ ಬಂದ ಪಾಠ ನೋಡಿ ಕೈ ಕಾಲು ಕಿವಿ ಬರೆಯಲು ಕಲಿತವರಿಗೆ ಅದೇ ಆರ್ಟ್ ಸ್ಕೂಲು.

ಪುಟ್ಟ ಪುಸ್ತಕದಲ್ಲಿ ದೊಡ್ಡ ಕಥೆಯನ್ನು ಚಿತ್ರಗಳ ಜೊತೆ ಮಾರಬಹುದು ಎಂಬ ಲೆಕ್ಕ ಹಾಕಿದ್ದರಲ್ಲೂ ಕನ್ನಡದ ಪಾತ್ರವಿದೆ. ‘ಅಮರ ಚಿತ್ರ ಕಥೆ’ ಎಂದಾಗ ಎಲ್ಲರಿಗೂ ನೆನಪಾಗುವುದು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ. ಆದರೆ 1965ರ ಹೊತ್ತಿಗೆ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಮೊದಲು ಹೊರತಂದದ್ದು ಕನ್ನಡದಲ್ಲಿ, ಅದೂ ಸಿಂಡ್ರೆಲಾದಂಥ ಪಾಶ್ಚಾತ್ಯ ಕಥೆಗಳನ್ನು. ಮಾಲಿಕೆಯ ಮೊದಲ ಹತ್ತು ಸಂಖ್ಯೆಗಳು ಆ ಕಥೆಗಳ ಪಾಲಾಗಿದ್ದರಿಂದಲೇ ರಾಮ್ ವಾಯೀರ್‌ಕರ್ ಚಿತ್ರ ಬರೆದ ‘ಕೃಷ್ಣ’ನಿಗೆ ಹನ್ನೊಂದನೇ ಸಂಖ್ಯೆ ಬಿತ್ತು. ಮುಂದೆ ಆ ಮಾಲಿಕೆ ಬಂಕಿಮಚಂದ್ರರ ‘ಆನಂದಮಠ’, ‘ದೇವಿ ಚೌಧುರಾಣಿ’ ಕಾದಂಬರಿಗಳನ್ನೂ ಮೂವತ್ತೆರಡು ಪುಟಕ್ಕೆ ಇಳಿಸಿತು. ಕನ್ನಡದ ಅಜ್ಜಂದಿರು ಬಿ. ವೆಂಕಟಾಚಾರ್ಯರ ಅನುವಾದದಲ್ಲಿ ಹಗಲೂ ರಾತ್ರಿ ಓದಿದ ಬಂಕಿಮರನ್ನು ಮೊಮ್ಮಕ್ಕಳು ರೈಲು ಬಿಡುವುದರೊಳಗೆ ಪ್ಲಾಟ್‌ಫಾರ್ಮಿನಲ್ಲೇ ಓದಿ ಮುಗಿಸಿದರು.

ಸಂಕ್ಷೇಪದ ಕಥೆಯಲ್ಲಿ ನಮ್ಮ ಉಪಖಂಡದ ತರಗತಿಗಳಿಗೂ ಒಂದು ಪಾಲಿದೆ. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕಲ್ ವೆಸ್ಟ್ 1920ರ ದಶಕದಲ್ಲಿ, ಇಂಗ್ಲಿಷ್ ಕಲಿಯುವ ಬಂಗಾಳಿ ಹುಡುಗರಿಗಾಗಿ ಆಯ್ದ ಪದಗಳಷ್ಟೇ ಇರುವ ‘ನ್ಯೂ ಮೆಥಡ್’ ಓದುಪುಸ್ತಕಗಳನ್ನು ತಯಾರಿಸಿದ. ಹೈಸ್ಕೂಲಿನ ‘ನಾನ್-ಡಿಟೇಲ್’ ಪಠ್ಯವಾಗಿ ಕಾದಂಬರಿಯ ಸಾರ ಓದಿ ಪರೀಕ್ಷೆ ಬರೆದವರೆಲ್ಲ ಒಂದಲ್ಲ ಒಂದು ರೀತಿ ಆ ಪದ್ಧತಿಯ ಫಲಾನುಭವಿಗಳೇ. ಅವುಗಳ ಚಿತ್ರಗಳ ಬಗ್ಗೆ ಮಾತು ಕಡಿಮೆ ಇದ್ದಷ್ಟೂ ಒಳ್ಳೆಯದು.

ಈಗ ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿ ಉಣಕಲ್ ಕೆರೆ ದಾಟಿ ಬೈರಿದೇವರಕೊಪ್ಪಕ್ಕೆ ಬನ್ನಿ. ‘ಕಸ್ತೂರಿ’ ಹುಟ್ಟಿದ ಹುಬ್ಬಳ್ಳಿ ಹಿಂದೆ. ಮುಂದೆ ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆಯ ಅಟ್ಟ, ಡಿ.ವಿ. ಹಾಲಭಾವಿಯವರು ಬೆಳೆಸಿದ ಚಿತ್ರಕಲಾ ಶಾಲೆ. ಪುಸ್ತಕ ಒಂದು ಕಡೆ, ಕುಂಚ ಇನ್ನೊಂದು ಕಡೆ, ಇದು ನಡುವಿನ ಊರು. ಇಲ್ಲಿಯ ಒಬ್ಬ ಚಿತ್ರಗಾರ ಕನ್ನಡದ ಸಂಕ್ಷಿಪ್ತ ‘ಟ್ರೆಷರ್ ಐಲೆಂಡ್’ಗೆ ಚಿತ್ರ ಬರೆಯಲು ಕೂತನೆಂದುಕೊಳ್ಳೋಣ. ಓದುವ ಮಗುವೂ ಇಲ್ಲಿಯದೇ. ಆ ಮಗುವಿಗೆ ದೊಡ್ಡ ನೀರು ಎಂದರೆ ಉಣಕಲ್ ಕೆರೆ, ನಡುವೆ ವಿವೇಕಾನಂದರ ಪ್ರತಿಮೆ, ಆಚೆ ದಡ ಕಾಣುತ್ತದೆ. ಆಚೆ ದಡ ಕಾಣದ ನೀರು ನೋಡಬೇಕೆಂದರೆ ಘಟ್ಟ ಇಳಿದು ನೂರೈವತ್ತು ಕಿಲೋಮೀಟರಿಗೂ ಮಿಕ್ಕಿ ಹೋಗಬೇಕು, ಕಾರವಾರಕ್ಕೆ. ಸ್ಟೀವನ್ಸನ್‌ನ ಓದುಗ ಹುಡುಗರು ಹಡಗಿನ ದೇಶದವರು, ಅವರಿಗೆ ಹಾಯಿಯ ಹೆಸರು ಹೇಳಿದರೆ ಸಾಕಿತ್ತು. ಇಲ್ಲಿ ಹಡಗು ಎಷ್ಟು ದೊಡ್ಡದು, ಪಟದ ಮರ ಎಷ್ಟು ಎತ್ತರ, ಡೆಕ್ಕಿನ ಕೆಳಗೆ ಏನಿರುತ್ತದೆ, ಪೀಪಾಯಿಯೊಳಗೆ ಹುಡುಗ ಹೇಗೆ ಹಿಡಿಯುತ್ತಾನೆ ಎಂಬುದನ್ನೆಲ್ಲ ಚಿತ್ರವೇ ಹೇಳಬೇಕು. ಹಡಗಿನ ಅಡ್ಡಕೊಯ್ತವನ್ನು ಎರಡು ಪುಟದಗಲ ಬರೆದುಕೊಟ್ಟರೆ ಕತ್ತಿಕಾಳಗದ ಹತ್ತು ಚಿತ್ರಕ್ಕಿಂತ ಅದೇ ಹೆಚ್ಚು ಉಪಕಾರ. ಇನ್ನು ದ್ವೀಪದ ನಕ್ಷೆಯನ್ನಂತೂ ಬಿಡುವಂತೆಯೇ ಇಲ್ಲ. ಏಕೆಂದರೆ ಆ ಕಾದಂಬರಿ ಹುಟ್ಟಿದ್ದೇ ನಕ್ಷೆಯಿಂದ: 1881ರಲ್ಲಿ ಸ್ಟೀವನ್ಸನ್ ಮಲಮಗನ ಜೊತೆ ಆಟಕ್ಕೆ ಬಣ್ಣ ಹಚ್ಚಿ ಬರೆದ ನಕ್ಷೆ ಮೊದಲು, ಕಥೆ ಆಮೇಲೆ. ಪ್ರಕಾಶಕರಿಗೆ ಕಳಿಸಿದ ಆ ಮೂಲ ನಕ್ಷೆ ಕಳೆದುಹೋಗಿ, ಕಥೆಯಲ್ಲಿ ಬರುವ ಅಳತೆಗಳನ್ನು ನೋಡಿಕೊಂಡು ಅವನು ಇನ್ನೊಂದನ್ನು ಬರೆಸಬೇಕಾಯಿತು.

ಪರದೇಶದ ಕಥೆಯನ್ನು ನಮ್ಮ ನೆಲಕ್ಕೇ ತಂದು ನೆಡುವುದು ಮತ್ತೊಂದು ದಾರಿ. ಕುವೆಂಪು ಬ್ರೌನಿಂಗ್‌ನ ಕಿಂದರಿಯವನನ್ನು ಜರ್ಮನಿಯ ಹ್ಯಾಮ್ಲಿನ್‌ನಿಂದ ತುಂಗೆಯ ದಡದ ಬೊಮ್ಮನಹಳ್ಳಿಗೆ ಕರೆತಂದರು. ನಾ. ಕಸ್ತೂರಿ ಲೂಯಿಸ್ ಕ್ಯಾರಲ್‌ನ ಆಲಿಸಳನ್ನು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿಸಿದರು. ಹೀಗೆ ಮಾಡಿದೊಡನೆ ಇಂಗ್ಲೆಂಡಿನ ಚಿತ್ರಗಳೆಲ್ಲ ನಿರುಪಯೋಗಿ. ಟೆನಿಯಲ್ ಬರೆದ ನಲವತ್ತೆರಡು ಚಿತ್ರಗಳ ಆಲಿಸ್‌ಗೆ ಪಾಪಚ್ಚಿ ಎಂದು ಹೆಸರಿಟ್ಟರೆ ಯಾವ ಮಗುವೂ ಒಪ್ಪುವುದಿಲ್ಲ. (ಟೆನಿಯಲ್ ಸಾಮಾನ್ಯ ಮನುಷ್ಯನಲ್ಲ: ತನ್ನ ಚಿತ್ರಗಳು ಸರಿಯಾಗಿ ಮೂಡಿಲ್ಲ ಎಂದು ಅವನು ತಕರಾರು ತೆಗೆದದ್ದರಿಂದ 1865ರ ಮೊದಲ ಮುದ್ರಣದ ಎರಡು ಸಾವಿರ ಪ್ರತಿಗಳನ್ನೇ ಕ್ಯಾರಲ್ ಹಿಂತೆಗೆದುಕೊಳ್ಳಬೇಕಾಯಿತು.)

ಕುತೂಹಲದ ವಿಷಯವೆಂದರೆ, ಕೆಲವು ‘ಪರದೇಶದ’ ಕ್ಲಾಸಿಕ್‌ಗಳನ್ನು ನಮ್ಮ ನೆಲಕ್ಕೆ ತರಬೇಕಾಗಿಯೇ ಇಲ್ಲ, ಅವು ಶುರುವಾಗುವುದೇ ಇಲ್ಲಿ. ವಿಲ್ಕಿ ಕಾಲಿನ್ಸ್‌ನ ‘ದ ಮೂನ್‌ಸ್ಟೋನ್’ (1868) ಇಂಗ್ಲಿಷಿನ ಮೊದಮೊದಲ ಪತ್ತೇದಾರಿ ಕಾದಂಬರಿಗಳಲ್ಲಿ ಒಂದು. ಅದರ ಪೀಠಿಕೆ ನಡೆಯುವುದು 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿದ್ದ ದಿನ. ವಜ್ರ ಕಳುವಾಗುವುದು ಟಿಪ್ಪುವಿನ ಅರಮನೆಯಲ್ಲಿ. ಸಂಕ್ಷೇಪದ ಕತ್ತರಿಗೆ ಇಂಥ ಪೀಠಿಕೆ ಸುಲಭದ ತುತ್ತು. ಉಳಿದರೂ ಚಿತ್ರದಲ್ಲಿ ಯಾವುದೋ ಗುಮ್ಮಟ, ಯಾವುದೋ ಈಚಲ ಮರ. ಈ ಊಹಾಚಿತ್ರಗಳ ಸಂಪ್ರದಾಯ ಹಳೆಯದು. ಕೋಟೆ ಬಿದ್ದ ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬಾತ ಆ ಯುದ್ಧದ ಮಹಾ ಪನೋರಮಾ ಚಿತ್ರ ಬರೆದು ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟು ಜನ ಮುಗಿಬೀಳುವಂತೆ ಮಾಡಿದ. ಅವನು ಆಗ ಭಾರತವನ್ನೇ ನೋಡಿರಲಿಲ್ಲ.

ಕನ್ನಡದ ಚಿತ್ರಗಾರನಿಗೆ ಆ ಗತಿಯಿಲ್ಲ. ಶ್ರೀರಂಗಪಟ್ಟಣಕ್ಕೆ ಹೋದರೆ ಕೋಟೆಯ ಕಲ್ಲಿನ ಗಾತ್ರ ಕೈಯಿಂದ ಮುಟ್ಟಿ ನೋಡಬಹುದು. ಮೇ ತಿಂಗಳಲ್ಲೇ ಹೋದರೆ ಇನ್ನೂ ಒಳ್ಳೆಯದು: ಕಾವೇರಿಯ ನೀರು ಇಳಿದು ಬಂಡೆಗಳು ಮೇಲೆ ಕಾಣುತ್ತವೆ. ಇಂಗ್ಲಿಷರ ದಂಡು ನಡುಮಧ್ಯಾಹ್ನ ನದಿ ಹಾಯ್ದು ಕೋಟೆಯ ಒಡಕಿಗೆ ನುಗ್ಗಲು ಸಾಧ್ಯವಾದದ್ದು ಆ ಹಂಗಾಮಿನಿಂದಲೇ. ನೀರು ಏರುವ ಮಳೆಗಾಲದೊಳಗೆ ಕೆಲಸ ಮುಗಿಸಬೇಕಿತ್ತು ಅವರಿಗೆ. ದರಿಯಾ ದೌಲತ್ ಬಾಗಿನ ಗೋಡೆಗಳ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರಗಳಿವೆ. ಆ ಕಾಲದ ಸೈನಿಕರ ಪೇಟ, ಅಂಗಿ, ಆನೆಯ ಮೇಲಿನ ಅಂಬಾರಿ ಎಲ್ಲವನ್ನೂ ಅಲ್ಲಿಂದ ಎತ್ತಿಕೊಳ್ಳಬಹುದು. ಒಂದು ಬಸ್ ಟಿಕೆಟ್ಟಿನ ಖರ್ಚಿನಲ್ಲಿ ಸಿಗುವ ಈ ಸಂಪತ್ತು ನ್ಯೂಯಾರ್ಕಿನ ಚಿತ್ರಗಾರನಿಗೆ ಎಲ್ಲಿಂದ ಬರಬೇಕು?

ಇದಕ್ಕಿಂತ ದೊಡ್ಡ ಸೋಜಿಗ ಕ್ಯಾಪ್ಟನ್ ನೆಮೊನದು. ‘ಇಪ್ಪತ್ತು ಸಾವಿರ ಲೀಗ್ ಸಾಗರದಾಳ’ದಲ್ಲಿ ವರ್ನ್ ಅವನ ಊರು ಕೇರಿ ಹೇಳುವುದಿಲ್ಲ. 1875ರಲ್ಲಿ ಮುಗಿದ ‘ರಹಸ್ಯ ದ್ವೀಪ’ದ ಕೊನೆಗೆ ಬಾಯಿಬಿಡುತ್ತಾನೆ: ನೆಮೊ ಬುಂದೇಲಖಂಡದ ರಾಜಕುಮಾರ ಡಕ್ಕಾರ್, ಟಿಪ್ಪು ಸುಲ್ತಾನನ ಬಂಧು, 1857ರ ಹೋರಾಟದಲ್ಲಿ ಹೆಂಡತಿ ಮಕ್ಕಳನ್ನು ಕಳೆದುಕೊಂಡು ಬ್ರಿಟಿಷರ ಮೇಲಿನ ಸಿಟ್ಟಿನಲ್ಲಿ ಸಮುದ್ರದಡಿ ಸೇರಿದವನು. ಬುಂದೇಲಖಂಡದವನು ಮೈಸೂರಿನ ಟಿಪ್ಪುವಿಗೆ ಹೇಗೆ ನೆಂಟನಾದನೋ ವರ್ನ್‌ಗೇ ಗೊತ್ತು! ಅದೇನೇ ಇರಲಿ, ಕಾದಂಬರಿಯ ಪ್ರಕಾರ ನೆಮೊ ಭಾರತೀಯ. ಹಾಗಿದ್ದೂ ಮಕ್ಕಳ ಆವೃತ್ತಿಗಳಲ್ಲಿ ಅವನು ಬಿಳಿಯ ಕಪ್ತಾನನಾಗಿಯೇ ಕಾಣಿಸಿಕೊಂಡ. ಮೊದಲನೇ ಪುಸ್ತಕದ ಫ್ರೆಂಚ್ ಚಿತ್ರಗಾರರಿಗೆ ಗುಟ್ಟು ತಿಳಿದಿರಲಿಲ್ಲ, ನಂತರದವರು ಅವರನ್ನೋ 1954ರ ಡಿಸ್ನಿ ಸಿನಿಮಾವನ್ನೋ ನಕಲು ಮಾಡಿದರು. 2003ರಲ್ಲಿ ನಾಸಿರುದ್ದೀನ್ ಶಾ ಒಂದು ಹಾಲಿವುಡ್ ಚಿತ್ರದಲ್ಲಿ ನೆಮೊ ಆದಾಗ ಅನೇಕರಿಗೆ ಅದು ಹೊಸ ಪ್ರಯೋಗದಂತೆ ಕಂಡಿತು. ಕನ್ನಡದಲ್ಲಿ ಇನ್ನು ಮುಂದೆ ನೆಮೊನನ್ನು ಬರೆಯುವವರು ‘ರಹಸ್ಯ ದ್ವೀಪ’ವನ್ನು ಮೊದಲು ಓದಿ, ಆಮೇಲೆ ಪೆನ್ಸಿಲ್ ಹಿಡಿಯುವುದು ಲೇಸು. ಅವನ ಜಲಾಂತರ್ಗಾಮಿ ನಾಟಿಲಸ್‌ನ ಒಳಕೋಣೆಯ ಮೂಲೆಯಲ್ಲಿ ಶ್ರೀರಂಗಪಟ್ಟಣದ ಹುಲಿಪಟ್ಟೆಯ ಒಂದು ಬಟ್ಟೆ ನೇತುಬಿಟ್ಟರೂ ಸಾಕು, ಸೂಕ್ಷ್ಮ ಕಣ್ಣಿನ ಮಗು ಕೇಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಕೇಳಲೇಬೇಕಾದ ಪ್ರಶ್ನೆ: ಕನ್ನಡದ ಸ್ವಂತ ಕಾದಂಬರಿಗಳನ್ನು ಮಕ್ಕಳಿಗಾಗಿ ಇಳಿಸಿ, ಚಿತ್ರ ಬರೆಸಿ ಕೊಟ್ಟದ್ದೆಷ್ಟು? ‘ಕರ್ವಾಲೊ’ದ ಹಾರುವ ಓತಿಗೆ, ರಾವಬಹಾದ್ದೂರರ ‘ಗ್ರಾಮಾಯಣ’ದ ಹಳ್ಳಿಗೆ ಚಿತ್ರಗಾರರು ಬೇಕಾಗಿದ್ದಾರೆ. ಹಕ್ಕುಸ್ವಾಮ್ಯ ಲೇಖಕರ ಮರಣಾನಂತರ ಅರವತ್ತು ವರ್ಷ ಇರುವುದರಿಂದ ಇವುಗಳಿಗೆ ಮನೆಯವರ ಒಪ್ಪಿಗೆ ಬೇಕು. ಒಳ್ಳೆಯ ಕಾದಂಬರಿಯನ್ನು ಕತ್ತರಿಸಲು ಒಪ್ಪಿಗೆ ಕೊಡದವರನ್ನು ದೂರುವಂತೆಯೂ ಇಲ್ಲ. ಆದರೆ ಗಳಗನಾಥರದು ಮುಕ್ತ ಆಸ್ತಿ. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ, ಹಾವೇರಿ ಸೀಮೆಯ ವೆಂಕಟೇಶ ತಿರಕೊ ಕುಲಕರ್ಣಿ (ಇದು ಗಳಗನಾಥರ ನಿಜನಾಮ) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ವಿಜಯನಗರ ಹುಟ್ಟಿದ ಕಥೆ ಹೇಳುವ ಅವರ ‘ಮಾಧವ ಕರುಣಾ ವಿಲಾಸ’ದ ಭಾಷೆ ಇವತ್ತಿನ ಮಕ್ಕಳಿಗೆ ಕಷ್ಟ, ಗಾತ್ರವೂ ಕಷ್ಟ. ಸಂಕ್ಷೇಪ ಎಂಬುದು ಹೇಳಿಮಾಡಿಸಿದ್ದು ಇಂಥ ಪುಸ್ತಕಗಳಿಗೆ.

ಅದಕ್ಕೆ ಚಿತ್ರ ಬರೆಯುವವರು ಹುಬ್ಬಳ್ಳಿಯಿಂದ ಹೊಸಪೇಟೆಗೆ ರೈಲು ಹತ್ತಿ ಹಂಪಿಗೆ ಹೋದರೆ ಮೊದಲು ಮಾಡಬೇಕಾದ ಕೆಲಸ, ಕಾಣುವುದರಲ್ಲಿ ಬಹುಪಾಲನ್ನು ಅಳಿಸುವುದು. ಕಥೆ ನಡೆಯುವುದು 1336ರ ಆಸುಪಾಸು. ಕಲ್ಲಿನ ರಥ ಆಗ ಇರಲಿಲ್ಲ. ಕಮಲ ಮಹಲ್ ಇರಲಿಲ್ಲ. ಉಗ್ರನರಸಿಂಹನನ್ನು ಕೆತ್ತಲು ಇನ್ನೂ ಇನ್ನೂರು ವರ್ಷ ಇತ್ತು. ವಿರೂಪಾಕ್ಷ ಗುಡಿ ಇತ್ತು, ಆದರೆ 1510ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ ರಂಗಮಂಟಪವಾಗಲಿ ಮುಗಿಲೆತ್ತರದ ಹೆಬ್ಬಾಗಿಲ ಗೋಪುರವಾಗಲಿ ಇರಲಿಲ್ಲ. ಕ್ಯಾಲೆಂಡರುಗಳಲ್ಲಿ, ಐವತ್ತು ರೂಪಾಯಿಯ ನೋಟಿನಲ್ಲಿ ನೋಡಿ ರೂಢಿಯಾದ ಹಂಪಿಯನ್ನು ಪೂರ್ತಿ ಬಿಡಬೇಕು. ಬರೆಯಬಹುದಾದದ್ದು ಹೇಮಕೂಟ: ವಿಜಯನಗರಕ್ಕಿಂತ ಮುಂಚಿನ, ಮೆಟ್ಟಿಲು ಮೆಟ್ಟಿಲಾದ ಕಲ್ಲಿನ ಮಾಡಿನ ಪುಟ್ಟ ಗುಡಿಗಳು, ಕಂಪಿಲರಾಯನ ಶಾಸನವಿರುವ ಗುಡಿ, ಇಳಿಜಾರಿನ ಹಾಸುಬಂಡೆ. ಕೆಳಗೆ ತುಂಗಭದ್ರೆ. ಅಲ್ಲಿ ಹರಿಗೋಲು ಬರೆಯಬಹುದೇ? 1520ರ ಹೊತ್ತಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಇಲ್ಲಿಯ ಜನ ಬುಟ್ಟಿಯಂಥ ದುಂಡು ದೋಣಿಗಳಲ್ಲಿ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಅದಕ್ಕೆ ಇನ್ನೂರು ವರ್ಷ ಮೊದಲೂ ಅವು ಹಾಗೇ ಇದ್ದಿರಬಹುದು ಎಂದುಕೊಳ್ಳಲು ಅಡ್ಡಿಯಿಲ್ಲ, ಬರೆಯಬಹುದು.